16 ಅಂದರೆ ಎಷ್ಟು?

ಕಣ್ಣಿನ ಡಾಕ್ಟರ ಚೀಟಿಯಲ್ಲಿ ಐಒಪಿ (ಕಣ್ಣಿನೊಳಗಿನ ಒತ್ತಡ) ಎಂದು ಬರೆದು ಮುಂದೆ ಎರಡು ಅಂಕಿ ಹಾಕಿರುತ್ತಾರೆ, ಬಲಗಣ್ಣಿಗೊಂದು, ಎಡಗಣ್ಣಿಗೊಂದು. 16, 16 ಎಂದಿದ್ದರೆ ಕಾಂಪೌಂಡರಿನಿಂದ ಹಿಡಿದು ಮನೆಮಂದಿಯವರೆಗೆ ಎಲ್ಲರದೂ ಒಂದೇ ಮಾತು: ‘ಪ್ರೆಶರ್ ನಾರ್ಮಲ್ ಇದೆ, ಚಿಂತೆ ಬೇಡ.’ 21ರ ಒಳಗಿದ್ದರೆ ನಾರ್ಮಲ್, ದಾಟಿದರೆ ಗ್ಲಾಕೋಮಾ ಎಂಬ ಲೆಕ್ಕ ನಮ್ಮಲ್ಲಿ ಬಿಪಿಯ 120-80ರಷ್ಟೇ ಗಟ್ಟಿಯಾಗಿ ಕೂತುಬಿಟ್ಟಿದೆ. ಲೆಕ್ಕ ಅರ್ಧ ಸರಿ. ಉಳಿದರ್ಧದಲ್ಲಿ ಜನ ಕಣ್ಣು ಕಳೆದುಕೊಳ್ಳುತ್ತಿದ್ದಾರೆ.

ಬಿಬವೇವಾಡಿಯನ್ನೇ ತೆಗೆದುಕೊಳ್ಳೋಣ. ಪುಣೆಯ ಸ್ವಾರಗೇಟ್‌ನಿಂದ ಸಾತಾರಾ ರಸ್ತೆ ಹಿಡಿದು ಕಾತ್ರಜ್ ಕಡೆ ಹೊರಟರೆ ಎಡಕ್ಕೆ ಸಿಗುವ ಬಡಾವಣೆ. ಒಂದು ಮಗ್ಗುಲಿಗೆ ಮಾರ್ಕೆಟ್ ಯಾರ್ಡ್, ಇನ್ನೊಂದು ಕಡೆ ಅಪ್ಪರ್ ಇಂದಿರಾನಗರ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದು ನೆಲೆನಿಂತವರು, ಉಡುಪಿ ಕಡೆಯ ಹೋಟೆಲಿನವರು, ಐಟಿ ಕೆಲಸದ ಮಕ್ಕಳ ಜೊತೆ ಇರಲು ಬಂದ ತಂದೆತಾಯಿ, ಹೀಗೆ ಕನ್ನಡ ಇಲ್ಲಿ ಹಲವು ರಾಗಗಳಲ್ಲಿ ಕೇಳಿಸುತ್ತದೆ. ಇಂಥ ಒಂದು ಮನೆಯ ತಾಯಿಯನ್ನು ಊಹಿಸಿಕೊಳ್ಳಿ. ಇಂಡಿ ತಾಲ್ಲೂಕಿನವರು, ವಯಸ್ಸು 62. ಕನ್ನಡಕ ಬದಲಿಸಲು ಹೋದಾಗ ಪ್ರೆಶರ್ ನೋಡಿದ್ದಾರೆ, 16 ಬಂದಿದೆ.

‘ಯವ್ವಾ, ಪ್ರೆಶರ್ ನಾರ್ಮಲ್ ಐತೆಂತ, ಏನೂ ತೊಂದ್ರಿಲ್ಲಂದ್ರು’ ಅನ್ನುತ್ತಾನೆ ಮಗ.

‘ಮತ್ತ ಮೆಟ್ಟಲಾ ಇಳಿಯೂಮುಂದ ಕಾಲು ಯಾಕ ತಪ್ಪತೈತೋ?’

ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ. ಗ್ಲಾಕೋಮಾದಲ್ಲಿ ಎದುರಿಗಿರುವುದು ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ. ಮೊದಲು ಹೋಗುವುದು ಸುತ್ತಲಿನ ನೋಟ. ಕೆಳಗಿನ ಭಾಗದ ನೋಟ ಹೋದರೆ ಮೆಟ್ಟಿಲು, ಹೊಸ್ತಿಲು, ಫುಟ್‌ಪಾತಿನ ಅಂಚು ಕಣ್ಣಿಗೆ ಬೀಳುವುದಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ವರ್ಷಗಟ್ಟಲೆ ಗೊತ್ತೂ ಆಗುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿ ನರದಲ್ಲಿ ಹತ್ತು ಹನ್ನೆರಡು ಲಕ್ಷ ಎಳೆಗಳಿವೆ, ಗ್ಲಾಕೋಮಾದಲ್ಲಿ ಸಾಯುವುದು ಇವೇ. ಅವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸತ್ತ ಮೇಲೆಯೇ ಎಷ್ಟೋ ಜನರಲ್ಲಿ ನೋಟದ ಕೊರತೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಈ ತಾಯಿಯ 16ರ ಹಿಂದೆ ಏನಿರಬಹುದು ಎಂದು ತಿಳಿಯಲು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಕಾರ್ನಿಯಾವನ್ನು ನೋಡಬೇಕು. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಎರಡು ಕಣ್ಣಿನ ಕಾರ್ನಿಯಾ ನಾಲ್ವರಿಗೆ ದೃಷ್ಟಿ ಕೊಟ್ಟದ್ದನ್ನು ಇಡೀ ರಾಜ್ಯ ಓದಿತು. ಎರಡು ಕಣ್ಣು ನಾಲ್ವರಿಗೆ ಹೇಗೆ ಎಂದು ಆಗ ಬಹಳ ಜನ ಕೇಳಿದ್ದರು. ಪ್ರತಿ ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಸೀಳಿ, ಯಾರಿಗೆ ಯಾವುದು ಕೆಟ್ಟಿತ್ತೋ ಅವರಿಗೆ ಅದನ್ನು ಕೂರಿಸಿದ್ದರು. ಸೀಳಿದ್ದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪದ ಪಟಲವನ್ನು! ವೈದ್ಯರು ಈ ದಪ್ಪವನ್ನು ಮೈಕ್ರಾನಿನಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಒಬ್ಬರ ಕಾರ್ನಿಯಾ 460 ಇರಬಹುದು, ಇನ್ನೊಬ್ಬರದು 600. ಕನ್ನಡಿಯಲ್ಲಿ ಎರಡೂ ಒಂದೇ ಥರ. ಪ್ರೆಶರ್ ಅಳೆಯುವ ಯಂತ್ರಕ್ಕೆ ಮಾತ್ರ ಎರಡೂ ಬೇರೆ ಬೇರೆ.

ಯಾಕೆಂದರೆ ಯಂತ್ರ ಕಣ್ಣಿನ ಒಳಗೆ ಹೋಗಿ ಅಳೆಯುವುದಿಲ್ಲ, ಹೊರಗಿನಿಂದ ಒತ್ತಿ ನೋಡುತ್ತದೆ. ಹೆಬ್ಬೆರಳಿನಿಂದ ಸೈಕಲ್ ಟೈರು ಒತ್ತಿ ಗಾಳಿ ನೋಡುವುದಿಲ್ಲವೇ, ಹಾಗೆ. ಹೊಸ ದಪ್ಪ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೂ ಬೆರಳಿಗೆ ಗಟ್ಟಿ ಅನಿಸುತ್ತದೆ, ಸವೆದ ಟೈರಿನಲ್ಲಿ ಗಾಳಿ ತುಂಬಿದ್ದರೂ ಮೆತ್ತಗೆ ಅನಿಸುತ್ತದೆ. ತೆಳು ಕಾರ್ನಿಯಾದವರ ಕಣ್ಣಿನೊಳಗೆ 19, 20 ಇದ್ದರೂ ಯಂತ್ರ 16 ಎನ್ನಬಹುದು. ದಪ್ಪ ಕಾರ್ನಿಯಾದವರಲ್ಲಿ 19 ಇದ್ದದ್ದು 23 ಎಂದು ಬಂದು, ಬೇಡದ ಔಷಧಿ ಜೀವನಪೂರ್ತಿ ಗಂಟುಬೀಳಬಹುದು.

ಈ ಒತ್ತುವ ಕೆಲಸವನ್ನು ಶಾಸ್ತ್ರೀಯವಾಗಿ ಮಾಡಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್. 1957ರಲ್ಲಿ ಅವರು ಶ್ಮಿಟ್ ಎಂಬ ಸಹೋದ್ಯೋಗಿಯ ಜೊತೆ ಪ್ರಕಟಿಸಿದ ವಿಧಾನವೇ ಇವತ್ತಿಗೂ ಜಗತ್ತಿನ ಪ್ರಮಾಣ. ಗಲ್ಲವನ್ನು ಆಸರೆಯ ಮೇಲಿಟ್ಟು, ಹಣೆ ಪಟ್ಟಿಗೆ ತಾಗಿಸಿ ಕೂರಬೇಕು. ಮರಗಟ್ಟಿಸುವ ಹನಿ ಹಾಕುತ್ತಾರೆ, ಹಳದಿ ಬಣ್ಣ ತಾಗಿಸುತ್ತಾರೆ, ನೀಲಿ ಬೆಳಕು ಬಿಡುತ್ತಾರೆ. ಪುಟ್ಟ ಗಾಜಿನ ಕಡ್ಡಿಯಂಥದ್ದು ಬಂದು ಕಣ್ಣಿಗೆ ತಾಗುತ್ತದೆ. ಡಾಕ್ಟರಿಗೆ ಆಗ ಎರಡು ಹಸಿರು ಅರೆವೃತ್ತಗಳು ಕಾಣುತ್ತವೆ. ಪಕ್ಕದ ಗುಂಡಿಯನ್ನು ತಿರುಗಿಸುತ್ತ ಹೋದಂತೆ ಅವು ಸರಿದು, ಒಳ ಅಂಚುಗಳು ಒಂದಕ್ಕೊಂದು ಸರಿಯಾಗಿ ಮುಟ್ಟಿದಾಗ ನಿಲ್ಲಿಸಬೇಕು. ಅಷ್ಟು ಹೊತ್ತಿಗೆ ಕಾರ್ನಿಯಾದ ಮೇಲೆ ಕರಾರುವಾಕ್ಕಾಗಿ 3.06 ಮಿಲಿಮೀಟರ್ ವ್ಯಾಸದ ಒಂದು ವೃತ್ತ ಚಪ್ಪಟೆಯಾಗಿರುತ್ತದೆ.

ಆ 3.06 ಎಲ್ಲಿಂದ ಬಂತು ಎಂಬುದು ಈ ಯಂತ್ರದ ಜಾಣ್ಮೆ. ಒತ್ತಿದಾಗ ಕಾರ್ನಿಯಾದ ಬಿಗಿತ ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಕಣ್ಣೀರಿನ ತೆಳು ಪದರವೋ ಕಡ್ಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸುಮಾರು ಈ ಅಳತೆಯ ವೃತ್ತದಲ್ಲಿ ತಳ್ಳುವ ಬಲ, ಎಳೆಯುವ ಬಲ ಎರಡೂ ಸರಿಹೋಗಿ ವಜಾ ಆಗುತ್ತವೆ ಎಂದು ಗೋಲ್ಡ್‌ಮನ್ ಕಂಡುಕೊಂಡರು. ಮೇಲಾಗಿ ಇಷ್ಟೇ ವೃತ್ತ ಇಟ್ಟುಕೊಂಡರೆ ಒಂದು ಗ್ರಾಂ ಬಲಕ್ಕೆ ಸರಿಯಾಗಿ 10 ಮಿಲಿಮೀಟರ್ ಪಾದರಸದ ಒತ್ತಡ. ಗುಂಡಿಯ ಮೇಲಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಮುಗಿಯಿತು. ಕ್ಯಾಲ್ಕುಲೇಟರ್ ಬೇಡ, ಕರೆಂಟು ಬೇಕಾಗುವುದು ದೀಪಕ್ಕೆ ಮಾತ್ರ.

ಆದರೆ ತಳ್ಳು-ಎಳೆತ ವಜಾ ಆಗುವ ಈ ಲೆಕ್ಕದೊಳಗೆ ಕಾರ್ನಿಯಾ ಅರ್ಧ ಮಿಲಿಮೀಟರಿನ ಆಸುಪಾಸು ಇದೆ ಎಂಬ ಷರತ್ತು ಅಡಗಿದೆ. ದಪ್ಪ ಬದಲಾದರೆ ಅಳತೆಯೂ ತಪ್ಪಬಹುದು ಎಂದು ಗೋಲ್ಡ್‌ಮನ್‌ಗೆ ಗೊತ್ತಿತ್ತು. ಅಂಥ ಕಣ್ಣುಗಳು ಅಪರೂಪ ಎಂದುಕೊಂಡಿದ್ದರು, ಅಷ್ಟೇ. 1975ರಲ್ಲಿ ಡೆನ್ಮಾರ್ಕಿನ ನೀಲ್ಸ್ ಏಲರ್ಸ್ ಮತ್ತು ಸಂಗಡಿಗರು ಅದನ್ನು ನೇರವಾಗಿ ಪರೀಕ್ಷೆಗೆ ಹಚ್ಚಿದರು. ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂದವರ ಕಣ್ಣಿನೊಳಗೆ ಸೂಕ್ಷ್ಮ ನಳಿಗೆ ಇಳಿಸಿ, ಒಳಗೆ ತಮಗೆ ಗೊತ್ತಿರುವ ಒತ್ತಡ ಇಟ್ಟು, ಹೊರಗಿನಿಂದ ಯಂತ್ರ ಏನು ಹೇಳುತ್ತದೆ ಎಂದು ತಾಳೆ ನೋಡಿದರು. ಕಾರ್ನಿಯಾ 520 ಮೈಕ್ರಾನ್ ಇದ್ದಾಗ ಯಂತ್ರ ನಿಜ ಹೇಳಿತು. ತೆಳ್ಳಗಿದ್ದಾಗ ಕಡಿಮೆ ತೋರಿಸಿತು, ದಪ್ಪವಿದ್ದಾಗ ಹೆಚ್ಚು ತೋರಿಸಿತು. ಅಷ್ಟಾಗಿಯೂ ಈ ಮಾತು ದಿನನಿತ್ಯದ ತಪಾಸಣೆಗೆ ಇಳಿಯಲು ಕಾಲು ಶತಮಾನ ಹಿಡಿಯಿತು.

ಇಳಿಸಿದ್ದು ಅಮೆರಿಕದ ಒಂದು ದೊಡ್ಡ ಅಧ್ಯಯನ. ಕಣ್ಣಿನ ಒತ್ತಡ ಹೆಚ್ಚಿದ್ದೂ ನರಕ್ಕೆ ಇನ್ನೂ ಹಾನಿಯಾಗಿರದ 1636 ಜನರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಒತ್ತಡ ಇಳಿಸುವ ಹನಿ ಹಾಕಿ, ಅರ್ಧ ಜನಕ್ಕೆ ಹಾಕದೆ ವರ್ಷಗಟ್ಟಲೆ ಗಮನಿಸಿದರು. ಫಲಿತಾಂಶ ಬಂದದ್ದು 2002ರಲ್ಲಿ. ಕಾರ್ನಿಯಾದ ದಪ್ಪ ಅಳೆಯುವುದು ಮೂಲ ಯೋಜನೆಯಲ್ಲಿ ಇರಲೇ ಇಲ್ಲ, ಆಮೇಲೆ ಸೇರಿಸಿದ್ದು. ಕೊನೆಗೆ ಯಾರಿಗೆ ಗ್ಲಾಕೋಮಾ ಬರುತ್ತದೆ ಎಂದು ಹೇಳುವ ಪ್ರಬಲ ಸುಳಿವುಗಳಲ್ಲಿ ಅದೇ ಒಂದಾಯಿತು. ಹನಿ ಹಾಕದೆ ಬಿಟ್ಟವರಲ್ಲಿ ಒತ್ತಡ 26ರ ಆಸುಪಾಸು ಅಥವಾ ಮೇಲಿದ್ದು ಕಾರ್ನಿಯಾ 555 ಮೈಕ್ರಾನ್ ಅಥವಾ ಅದಕ್ಕಿಂತ ತೆಳ್ಳಗಿದ್ದವರ ಪೈಕಿ ಶೇ 36 ಜನಕ್ಕೆ ಗ್ಲಾಕೋಮಾ ಬಂತು. ಅಷ್ಟೇ ಒತ್ತಡ ಇದ್ದು ಕಾರ್ನಿಯಾ 588ಕ್ಕಿಂತ ದಪ್ಪವಿದ್ದವರಲ್ಲಿ ಶೇ 6. ಯಂತ್ರದ ಅಂಕಿ ಒಂದೇ, ಅಪಾಯ ಆರು ಪಟ್ಟು ಬೇರೆ.

ಇಲ್ಲಿ ಮಹಾರಾಷ್ಟ್ರದ್ದೇ ಒಂದು ಅಂಕಿ ನೋಡಬೇಕು. ನಾಗಪುರದ ಗ್ರಾಮೀಣ ಭಾಗದಲ್ಲಿ ಸಾವಿರಾರು ಜನರ ಕಣ್ಣು ಪರೀಕ್ಷಿಸಿದ ಸೆಂಟ್ರಲ್ ಇಂಡಿಯಾ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಅಲ್ಲಿನ ಜನರ ಕಾರ್ನಿಯಾದ ಸರಾಸರಿ ದಪ್ಪ 514 ಮೈಕ್ರಾನ್. ಚೆನ್ನೈ ಸುತ್ತಮುತ್ತ ನಡೆದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಅಮೆರಿಕದವರು ‘ತೆಳು’ ಎಂದು ಕರೆದ ಗುಂಪಿನೊಳಗೆ ನಮ್ಮ ಹಳ್ಳಿಗಳ ಬಹುಪಾಲು ಜನ ಬಂದುಬಿಡುತ್ತಾರೆ.

ಹಾಗಾದರೆ ನಮ್ಮೆಲ್ಲರ ಪ್ರೆಶರ್ ತಪ್ಪಾಗಿ ಅಳೆದಿದ್ದಾರೆಯೇ? ಇಲ್ಲ. ಗೋಲ್ಡ್‌ಮನ್ ಯಂತ್ರಕ್ಕೆ ಒಗ್ಗುವ ದಪ್ಪವೇ 500ರಿಂದ 520. ಆ ಲೆಕ್ಕದಲ್ಲಿ ಅದು ಅಮೆರಿಕದವರಿಗಿಂತ ಸರಾಸರಿ ಭಾರತೀಯ ಕಣ್ಣಿಗೇ ಚೆನ್ನಾಗಿ ಹೊಂದುತ್ತದೆ ಎನ್ನಬಹುದು. ಎಡವಟ್ಟು ಇರುವುದು 21 ಎಂಬ ಗೆರೆಯಲ್ಲಿ. ಅದು ಬಂದದ್ದು 1950ರ ದಶಕದಲ್ಲಿ ಜರ್ಮನಿಯಲ್ಲಿ ಆರೋಗ್ಯವಂತರ ಕಣ್ಣು ಅಳೆದು ಹಾಕಿದ ಸಂಖ್ಯಾಶಾಸ್ತ್ರದ ಲೆಕ್ಕದಿಂದ. ಸರಾಸರಿ ಹದಿನೈದೂವರೆ ಚಿಲ್ಲರೆ, ಅದರ ಮೇಲೆ ಇಷ್ಟು ಏರುಪೇರು ಸೇರಿಸಿದರೆ 21. ದೃಷ್ಟಿ ನರ 21ರವರೆಗೆ ತಾಳಿಕೊಂಡು 22ಕ್ಕೆ ಸಾಯಲು ಶುರುಮಾಡುತ್ತದೆ ಎಂದು ಯಾರೂ ತೋರಿಸಿಲ್ಲ. ನಾಗಪುರದ ಅಧ್ಯಯನದಲ್ಲಿ ಸರಾಸರಿ ಒತ್ತಡವೇ 14ರ ಒಳಗಿತ್ತು. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದೆ ಎಂದು ಕಂಡವರಲ್ಲಿ ದೊಡ್ಡ ಪಾಲಿನವರ ಒತ್ತಡ ಆ ದಿನ 21ರ ಒಳಗೇ ಇತ್ತು. ದೇಶದಲ್ಲಿ ನಲವತ್ತು ದಾಟಿದ ಒಂದು ಕೋಟಿಗೂ ಹೆಚ್ಚು ಜನಕ್ಕೆ ಗ್ಲಾಕೋಮಾ ಇದೆ ಎಂಬ ಅಂದಾಜಿದೆ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅದು ಗೊತ್ತೇ ಇಲ್ಲ. ಬರೀ ಪ್ರೆಶರ್ ನೋಡಿ ಕಳಿಸುವ ಪದ್ಧತಿಗೂ ಇದರಲ್ಲಿ ಪಾಲಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಇನ್ನೊಂದು ಅಭ್ಯಾಸಕ್ಕೂ ಪಾಲಿದೆ. ಉತ್ತರ ಕರ್ನಾಟಕದವರಿಗೆ ಕಣ್ಣಿನ ಶಿಬಿರ ಎಂದರೆ ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿ ಹಳ್ಳಿ ಹಳ್ಳಿಗೆ ಆಪರೇಷನ್ ಒಯ್ದ ಆ ಪುಣ್ಯಾತ್ಮ 2005ರಲ್ಲಿ ತೀರಿಕೊಂಡರು. ಅವರಿಂದಾಗಿ ಮೂರು ತಲೆಮಾರಿನ ಮನಸ್ಸಿನಲ್ಲಿ ನಿಂತದ್ದು ಪೊರೆಯ ಕತೆ: ಮಂಜಾಗುತ್ತದೆ, ಶಿಬಿರಕ್ಕೆ ಹೋಗಬೇಕು, ಪೊರೆ ತೆಗೆದರೆ ಮತ್ತೆ ಕಾಣುತ್ತದೆ. ಗ್ಲಾಕೋಮಾಕ್ಕೆ ಈ ಕತೆ ಒಗ್ಗುವುದಿಲ್ಲ. ‘ಇನ್ನೂ ಬಲಿತಿಲ್ಲ, ಆಮೇಲೆ ನೋಡೋಣ’ ಎಂದು ಕಾಯುವವರು ಕಾಯುತ್ತಲೇ ನರ ಕಳೆದುಕೊಳ್ಳುತ್ತಾರೆ.

ಸರಿ, ಕಾರ್ನಿಯಾ ತೆಳ್ಳಗಿದೆ ಎಂದು ಗೊತ್ತಾಯಿತು. ಮುಂದೇನು? ಎಷ್ಟು ಮೈಕ್ರಾನ್ ಕಡಿಮೆಯೋ ಅಷ್ಟನ್ನು ಲೆಕ್ಕಹಾಕಿ ಅಂಕಿಗೆ ಕೂಡಿಸಿಬಿಟ್ಟರೆ ಆಯಿತಲ್ಲ ಎಂದು ಯಾರಿಗೂ ಅನಿಸುತ್ತದೆ. ಕೆಲವು ರಿಪೋರ್ಟಿನಲ್ಲಿ ‘ತಿದ್ದಿದ ಐಒಪಿ’ ಎಂದು ಮುದ್ರಿಸಿಯೇ ಕೊಡುತ್ತಾರೆ. ನೋಡಲು ಚೆಂದ, ನಂಬಲು ಕಷ್ಟ. ಏಲರ್ಸ್ ಲೆಕ್ಕದಲ್ಲಿ ಪ್ರತಿ 10 ಮೈಕ್ರಾನಿಗೆ ಸುಮಾರು 0.7 ಕೂಡಿಸಬೇಕು. ನಮ್ಮ ಇಂಡಿಯ ತಾಯಿಯ ಕಾರ್ನಿಯಾ 470 ಎಂದಿಟ್ಟುಕೊಂಡರೆ ಮೂರೂವರೆ ಕೂಡಿ 16 ಇದ್ದದ್ದು 19, 20 ಆಗುತ್ತದೆ. ಆಮೇಲೆ ಬಂದ ಕೆಲವು ಲೆಕ್ಕಗಳಲ್ಲಿ ಅದೇ ಕಣ್ಣಿಗೆ ಕೂಡುವುದು ಒಂದು ಚಿಲ್ಲರೆ ಮಾತ್ರ. ಯಾವುದು ನಿಜ? ಒಂದೇ ಕಣ್ಣನ್ನು ಇಬ್ಬರು ಅನುಭವಿ ಡಾಕ್ಟರರು ಅಳೆದರೂ ಎರಡು ಮೂರು ಅಂಕಿ ಆಚೀಚೆ ಆಗುತ್ತದೆ. ಹಾಗಿರುವಾಗ ದಶಮಾಂಶದವರೆಗೆ ತಿದ್ದಿಕೊಡುವ ಸೂತ್ರಕ್ಕೆ ಏನು ಬೆಲೆ?

ದಪ್ಪ ಒಂದೇ ವಿಷಯವೂ ಅಲ್ಲ. ಕಾರ್ನಿಯಾ ಎಷ್ಟು ಬಿಗಿ, ಎಷ್ಟು ಮೆತ್ತಗೆ ಎಂಬುದು ಬೇರೆಯೇ ಗುಣ. ನೀರು ತುಂಬಿ ಊದಿಕೊಂಡ ಕಾರ್ನಿಯಾ ದಪ್ಪವಿರುತ್ತದೆ, ಆದರೆ ಮೆತ್ತಗೆ. ಅಲ್ಲಿ ಯಂತ್ರ ಹೆಚ್ಚು ತೋರಿಸುವ ಬದಲು ಕಡಿಮೆಯೇ ತೋರಿಸುತ್ತದೆ, ಸೂತ್ರ ಪೂರ್ತಿ ತಲೆಕೆಳಗಾಗುತ್ತದೆ. ಅದಕ್ಕೇ ಯುರೋಪಿನ ಗ್ಲಾಕೋಮಾ ತಜ್ಞರ ಸಂಘದ ಮಾರ್ಗಸೂಚಿ ಇಂಥ ತಿದ್ದುಪಡಿ ಸೂತ್ರಗಳನ್ನು ಬಳಸಬೇಡಿ ಎಂದೇ ಹೇಳುತ್ತದೆ. ಆ 1636 ಜನರ ಅಧ್ಯಯನದ ಅಂಕಿಗಳನ್ನೇ ಸೂತ್ರಗಳಿಂದ ತಿದ್ದಿ ನೋಡಿದಾಗಲೂ ಯಾರಿಗೆ ರೋಗ ಬರುತ್ತದೆ ಎಂದು ಹೇಳುವುದರಲ್ಲಿ ಏನೂ ಸುಧಾರಣೆ ಆಗಲಿಲ್ಲ. ದಪ್ಪವನ್ನು ದಪ್ಪವಾಗಿಯೇ ಬರೆದಿಟ್ಟುಕೊಂಡು, ‘ತೆಳು, ಆದ್ದರಿಂದ ಹುಷಾರು’ ಎಂದು ಓದುವುದೇ ಸರಿ ಎನಿಸುತ್ತದೆ.

ಬೇರೆ ಯಂತ್ರಗಳಿಲ್ಲವೇ ಎಂದರೆ ಇವೆ. ಫುಕ್ ಎಂದು ಗಾಳಿ ಊದುವ ಮಷೀನು ಎಲ್ಲರಿಗೂ ಗೊತ್ತು. ಕಣ್ಣಿಗೆ ಏನೂ ತಾಗುವುದಿಲ್ಲ, ಕ್ಷಣದಲ್ಲಿ ಮುಗಿಯುತ್ತದೆ, ಜನರನ್ನು ಸೋಸಲು ಅನುಕೂಲ. ಆದರೆ ಕಾರ್ನಿಯಾದ ದಪ್ಪಕ್ಕೆ ಗೋಲ್ಡ್‌ಮನ್‌ಗಿಂತ ಹೆಚ್ಚು ಮೋಸ ಹೋಗುವುದು ಇದೇ. ಗ್ಲಾಕೋಮಾ ಇದೆ ಎಂದು ಗೊತ್ತಾದವರು ವರ್ಷಗಟ್ಟಲೆ ಗಾಳಿ ಮಷೀನಿನ ಅಂಕಿಯನ್ನೇ ನಂಬಿ ಕೂರಬಾರದು. ಫಿನ್ಲೆಂಡಿನ ಐಕೇರ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಪುಟ್ಟ ಸೂಜಿಯಂಥ ಕಡ್ಡಿಯನ್ನು ಕಣ್ಣಿಗೆ ತಾಗಿಸಿ ಅದು ಪುಟಿಯುವ ವೇಗ ನೋಡುತ್ತದೆ. ಮರಗಟ್ಟಿಸುವ ಹನಿ ಬೇಡ, ಮಕ್ಕಳಿಗೂ ಹಾಸಿಗೆ ಹಿಡಿದವರಿಗೂ ದೊಡ್ಡ ಉಪಕಾರ, ಆದರೆ ದಪ್ಪದ ಪ್ರಭಾವ ಅದನ್ನೂ ಬಿಟ್ಟಿಲ್ಲ. ಸ್ವಿಟ್ಜರ್ಲೆಂಡಿನ ಪಾಸ್ಕಲ್ ಎಂಬುದರ ತುದಿ ಕಾರ್ನಿಯಾದ ಆಕಾರಕ್ಕೇ ಬಾಗಿದೆ. ಚಪ್ಪಟೆ ಮಾಡದೆ ಮೈಗೆ ಮೈ ಒರಗಿ ಒತ್ತಡ ಓದುವುದರಿಂದ ದಪ್ಪದ ಹಂಗು ಬಹಳ ಕಡಿಮೆ. ಗಾಳಿ ಊದಿ ಕಾರ್ನಿಯಾ ಒಳಗೆ ಬಾಗುವಾಗ ಒಂದು ಅಳತೆ, ಹಿಂದಕ್ಕೆ ಬರುವಾಗ ಇನ್ನೊಂದು ಅಳತೆ ತೆಗೆದು ಅದರ ಸ್ಥಿತಿಸ್ಥಾಪಕ ಗುಣವನ್ನೇ ಹೇಳುವ ಯಂತ್ರವೂ 2005ರ ಹೊತ್ತಿಗೆ ಬಂತು. ಇವು ದೊಡ್ಡ ಆಸ್ಪತ್ರೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಾವು. ಸಿಗಲಿಲ್ಲವೆಂದು ಕೊರಗಬೇಕಾಗಿಲ್ಲ. ಒಳ್ಳೆಯ ಕೈಯಲ್ಲಿರುವ ಗೋಲ್ಡ್‌ಮನ್, ಜೊತೆಗೆ ಒಮ್ಮೆ ಅಳೆದ ದಪ್ಪ, ಇವೆರಡು ಇದ್ದರೆ ಮುಕ್ಕಾಲು ಕೆಲಸ ಆದಂತೆ.

ದಪ್ಪ ಅಳೆಯುವ ಪರೀಕ್ಷೆಯ ಹೆಸರು ಪ್ಯಾಕಿಮೆಟ್ರಿ. ಹನಿ ಹಾಕಿ ಪೆನ್ನಿನಂಥ ಅಲ್ಟ್ರಾಸೌಂಡ್ ಕಡ್ಡಿಯನ್ನು ಕಣ್ಣಿಗೆ ಮೆಲ್ಲಗೆ ತಾಗಿಸುತ್ತಾರೆ, ಟಿಕ್ ಟಿಕ್ ಎಂದು ನಾಲ್ಕಾರು ಓದು ಬರುತ್ತವೆ, ನೋವಿಲ್ಲ. ಮುಟ್ಟದೆಯೇ ಸ್ಕ್ಯಾನ್ ಮಾಡುವ ಯಂತ್ರಗಳೂ ಇವೆ. ಪ್ರೆಶರಿನಂತೆ ಇದನ್ನು ಮತ್ತೆ ಮತ್ತೆ ಅಳೆಯಬೇಕಿಲ್ಲ. ಕಣ್ಣಿನ ಆಪರೇಷನ್ನೋ ಕಾರ್ನಿಯಾದ ಕಾಯಿಲೆಯೋ ಆಗದಿದ್ದರೆ ಒಮ್ಮೆ ಅಳೆದದ್ದು ಬಹಳ ವರ್ಷ ನಡೆಯುತ್ತದೆ. ಇಷ್ಟು ಸುಲಭದ ಪರೀಕ್ಷೆ ಎಷ್ಟೋ ಜನರ ಹಳೆಯ ಫೈಲುಗಳಲ್ಲಿ ಇಲ್ಲದಿರುವುದಕ್ಕೆ ಕಾರಣ ಹುಡುಕಿದರೆ ಕೇಳುವವರಿಲ್ಲ ಎಂಬುದೂ ಒಂದು.

ಲ್ಯಾಸಿಕ್ ಮಾಡಿಸಿಕೊಂಡವರದು ಬೇರೆಯೇ ಅಧ್ಯಾಯ. ಪುಣೆಯಂಥ ಊರಿನಲ್ಲಿ ಮದುವೆಗೆ ಮುಂಚೆ, ನೌಕರಿಯ ದೈಹಿಕ ಪರೀಕ್ಷೆಗೆ ಮುಂಚೆ ಕನ್ನಡಕ ತೆಗೆಸಿಕೊಳ್ಳುವ ಹುಡುಗ ಹುಡುಗಿಯರು ಎಷ್ಟಿಲ್ಲ! ಲೇಸರ್ ಕೆಲಸ ಮಾಡುವುದೇ ಕಾರ್ನಿಯಾವನ್ನು ಕೆತ್ತಿ. ಒಂದು ಪಾಯಿಂಟ್ ನಂಬರಿಗೆ ಸುಮಾರು 12ರಿಂದ 16 ಮೈಕ್ರಾನ್ ಹೋಗುತ್ತದೆ. ಮೈನಸ್ ಐದು ಇದ್ದವರ ಕಾರ್ನಿಯಾದಲ್ಲಿ 60ರಿಂದ 80 ಮೈಕ್ರಾನ್ ಖಾಲಿ. ಅಲ್ಲಿಂದ ಮುಂದೆ ಅವರ ಪ್ರೆಶರ್ ಯಾವಾಗ ಅಳೆದರೂ ಇದ್ದದ್ದಕ್ಕಿಂತ ಕಡಿಮೆಯೇ ಬರುತ್ತದೆ. ಮೈನಸ್ ನಂಬರಿನವರಿಗೆ ಗ್ಲಾಕೋಮಾ ಬರುವ ಸಂಭವವೇ ಇತರರಿಗಿಂತ ಹೆಚ್ಚು ಎಂಬುದನ್ನೂ ಇದಕ್ಕೆ ಕೂಡಿಸಿಕೊಳ್ಳಿ. ಇಪ್ಪತ್ತೈದರಲ್ಲಿ ಲ್ಯಾಸಿಕ್, ನಲವತ್ತೈದರಲ್ಲಿ ತಪಾಸಣೆ, ಪ್ರೆಶರ್ 13. ಕನ್ನಡಕವಿಲ್ಲದ ಕಣ್ಣನ್ನು ನೋಡಿ ಡಾಕ್ಟರಿಗೆ ಹಳೆಯದು ಹೊಳೆಯುವುದಿಲ್ಲ, ರೋಗಿಗೆ ಹೇಳಬೇಕೆಂದು ತೋಚುವುದಿಲ್ಲ. ಲ್ಯಾಸಿಕ್ ಮಾಡಿಸಿಕೊಂಡವರು ಆಪರೇಷನ್ನಿಗೆ ಮುಂಚಿನ ದಪ್ಪ ಮತ್ತು ಪ್ರೆಶರ್ ಇರುವ ಕಾಗದವನ್ನು ಮನೆ ಪತ್ರದಂತೆ ಜೋಪಾನ ಮಾಡಬೇಕು. ಕನಿಷ್ಠ ಫೋಟೊ ತೆಗೆದಿಟ್ಟುಕೊಳ್ಳಿ.

ಅಳತೆ ಕೆಡಿಸುವುದರಲ್ಲಿ ನಮ್ಮ ಪಾತ್ರವೂ ಇದೆ. ಯಂತ್ರದ ಮುಂದೆ ಕೂತಾಗ ಭಯಕ್ಕೆ ಉಸಿರು ಬಿಗಿ ಹಿಡಿದರೆ, ರೆಪ್ಪೆ ಹಿಸುಕಿದರೆ, ಕುತ್ತಿಗೆಯ ಗುಂಡಿ ಬಿಗಿಯಾಗಿದ್ದರೆ ಒತ್ತಡ ಏರುತ್ತದೆ. ಮೈ ಭಾರ ಇರುವವರು ಗಲ್ಲದ ಆಸರೆಗೆ ಎಟುಕಲು ಹೊಟ್ಟೆ ಒತ್ತಿಕೊಂಡು ಬಗ್ಗಿದರೂ ಅಷ್ಟೇ. ಪರೀಕ್ಷೆಗೆ ಮುಂಚೆ ಗಟಗಟನೆ ಒಂದು ಬಾಟಲಿ ನೀರು ಕುಡಿದರೂ ಕೆಲ ಹೊತ್ತು ಏರಿರುತ್ತದೆ. ಕಣ್ಣಿನ ಒತ್ತಡ ದಿನದುದ್ದಕ್ಕೂ ಒಂದೇ ಇರುವುದಿಲ್ಲ, ಗ್ಲಾಕೋಮಾ ಇದ್ದವರಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಪ್ರತಿ ಸಲವೂ ಸಂಜೆ ಆರಕ್ಕೆ ಕ್ಲಿನಿಕ್ಕಿಗೆ ಹೋಗುವವರ ಬೆಳಗಿನ ಒತ್ತಡವನ್ನು ಯಾರೂ ಕಂಡಿರುವುದಿಲ್ಲ. ಒಮ್ಮೆಯಾದರೂ ಬೆಳಿಗ್ಗೆ ಹೋಗಿ ಅಳೆಸಿಕೊಳ್ಳಬೇಕು.

ಪುಣೆಯ ಮಾತು ಬಂದ ಮೇಲೆ ಯೋಗ ಬಿಟ್ಟರೆ ಆಗುತ್ತದೆಯೇ? ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಈ ಊರಿಗೆ ಬಂದು ಜಗತ್ತಿಗೇ ಯೋಗ ಕಲಿಸಿದರು. ಇಲ್ಲಿನ ಗುಡ್ಡಗಳ ಮೇಲೆ, ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಶೀರ್ಷಾಸನ ಹಾಕುವ ಹಿರಿಯರು ಈಗಲೂ ಕಾಣಸಿಗುತ್ತಾರೆ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಎರಡು ಪಟ್ಟಾಗುತ್ತದೆ ಎಂದು ನಮ್ಮ ದೇಶದಲ್ಲೇ ಯೋಗಪಟುಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕಾರ್ನಿಯಾ ತೆಳುವೋ ದಪ್ಪವೋ, ಇದರಿಂದ ವಿನಾಯಿತಿ ಇಲ್ಲ. ಗ್ಲಾಕೋಮಾ ಇದ್ದವರು ತಲೆ ಕೆಳಗಾದ ಆಸನಗಳನ್ನು ಬಿಡುವುದು ಲೇಸು. ಯೋಗದಲ್ಲಿ ಮಿಕ್ಕ ಆಸನಗಳಿಗೇನು ಬರವಿಲ್ಲ.

ಎರಡು ಮೂರು ಅಂಕಿಗೆ ಇಷ್ಟು ರಂಪ ಯಾಕೆ ಎನ್ನುವವರಿಗೆ ಒಂದು ಲೆಕ್ಕ. ಸ್ವೀಡನ್ನಿನಲ್ಲಿ ಗ್ಲಾಕೋಮಾ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಒತ್ತಡ ಒಂದೊಂದು ಮಿಲಿಮೀಟರ್ ಇಳಿದಂತೆ ರೋಗ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ಇಳಿಯಿತು. ಈ ಕಾಯಿಲೆಯಲ್ಲಿ ನಮ್ಮ ಕೈಯಲ್ಲಿರುವ ಹಿಡಿಕೆ ಒತ್ತಡ ಒಂದೇ. ಅದನ್ನು ಇದ್ದದ್ದಕ್ಕಿಂತ ಮೂರು ಕಡಿಮೆ ಎಂದು ನಂಬಿ ‘ಸಾಕು, ಹನಿ ಇಷ್ಟೇ ಇರಲಿ’ ಎಂದುಕೊಂಡರೆ ನಷ್ಟ ಯಾರದು?

ಹಾಗೆಂದು ತೆಳು ಕಾರ್ನಿಯಾ ಎಂಬ ಕಾರಣಕ್ಕೇ ಹನಿ ಶುರುಮಾಡುವುದೂ ತಪ್ಪು. ತೀರ್ಪು ಕೊಡಬೇಕಾದದ್ದು ನರ. ಪಾಪೆ ಹಿಗ್ಗಿಸಿ ದೃಷ್ಟಿ ನರದ ನಡುವಿನ ಗುಳಿ ಎಷ್ಟು ಅಗಲವಾಗಿದೆ ಎಂದು ಡಾಕ್ಟರರು ಕಣ್ಣಾರೆ ನೋಡಬೇಕು, ಒಸಿಟಿ ಸ್ಕ್ಯಾನಿನಲ್ಲಿ ನರದ ಪದರದ ದಪ್ಪ ನೋಡಬೇಕು, ಮಿಣುಕುವ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವ ಫೀಲ್ಡ್ ಪರೀಕ್ಷೆ ಮಾಡಿಸಬೇಕು. ಮೆಟ್ಟಿಲು ತಪ್ಪುವ ಆ ತಾಯಿಗೆ ಪ್ರೆಶರ್ 16 ಬಂದಿದ್ದರೂ ಈ ಮೂರು ಪರೀಕ್ಷೆಗಳಲ್ಲಿ ಉತ್ತರ ಸಿಗುತ್ತಿತ್ತು. ನರ ಹಾಳಾಗುತ್ತಿದೆ ಎಂದಾದರೆ 16 ಆಕೆಗೆ ಹೆಚ್ಚೇ, ಅದನ್ನು 12ರ ಆಸುಪಾಸಿಗೆ ಇಳಿಸುವ ಬಗ್ಗೆ ಡಾಕ್ಟರರು ಯೋಚಿಸುತ್ತಾರೆ. ಕಾರ್ನಿಯಾ 600 ಇದ್ದು ಪ್ರೆಶರ್ 23 ಬಂದ ಇನ್ನೊಬ್ಬರ ನರ ಗಟ್ಟಿಮುಟ್ಟಾಗಿದ್ದರೆ ಹನಿಯೇ ಇಲ್ಲದೆ ವರ್ಷಕ್ಕೊಮ್ಮೆ ನೋಡುತ್ತ ಹೋದರೂ ನಡೆದೀತು.

ಬಿಬವೇವಾಡಿಯವರು ಇದಕ್ಕಾಗಿ ಬಹಳ ದೂರ ಹೋಗಬೇಕಿಲ್ಲ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರಿಗೆ ಬಡಾವಣೆಯಲ್ಲೇ ಇಎಸ್‌ಐಸಿ ಆಸ್ಪತ್ರೆ ಇದೆ, ಅಲ್ಲಿಂದ ಮುಂದಿನ ಆಸ್ಪತ್ರೆಗೆ ಚೀಟಿ ಕೇಳಬಹುದು. ಕೊಂಢವಾ ದಾಟಿದರೆ ಮೊಹಮ್ಮದವಾಡಿಯಲ್ಲಿ ಪೂನಾ ಬ್ಲೈಂಡ್ ಮೆನ್ಸ್ ಅಸೋಸಿಯೇಷನ್ನಿನ ಎಚ್.ವಿ. ದೇಸಾಯಿ ಕಣ್ಣಿನ ಆಸ್ಪತ್ರೆ, ಸ್ಟೇಷನ್ ಹತ್ತಿರ ಸರ್ಕಾರಿ ಸಸೂನ್. ಹೊರಡುವ ಮುಂಚೆ ಪ್ಯಾಕಿಮೆಟ್ರಿ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಕೌಂಟರಿನಲ್ಲಿ ಗ್ಲಾಕೋಮಾಕ್ಕೆ ಮರಾಠಿಯಲ್ಲಿ ಕಾಚಬಿಂದು ಎನ್ನಿ, ಮೋತಿಬಿಂದು ಎಂದರೆ ಪೊರೆಯ ಸಾಲಿಗೆ ಕಳಿಸುತ್ತಾರೆ. ಒಳಗೆ ಹೋದ ಮೇಲೆ ‘ಕಾರ್ನಿಯಾಚೀ ಜಾಡೀ ಮೋಜಲೀ ಕಾ?’ (ಕಾರ್ನಿಯಾದ ದಪ್ಪ ಅಳೆದಿರಾ?) ಎಂದು ಕೇಳಲು ಸಂಕೋಚ ಬೇಡ. ಬಂದ ಅಂಕಿಯನ್ನು ಫೈಲಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ. ಪ್ರೆಶರ್ ಅಳೆದಾಗಲೆಲ್ಲ ಯಾವ ಯಂತ್ರ, ಎಷ್ಟು ಗಂಟೆ ಎಂಬುದೂ ಪಕ್ಕದಲ್ಲಿರಲಿ. ಅಸ್ತಮಾ ಇದ್ದರೆ ಹನಿ ಬರೆಯುವ ಮುಂಚೆಯೇ ಹೇಳಿ, ಗ್ಲಾಕೋಮಾದ ಕೆಲವು ಹನಿಗಳು ಉಬ್ಬಸದವರಿಗೆ ಆಗಿಬರುವುದಿಲ್ಲ.

ಇನ್ನೊಂದು ಕೆಲಸ ಊರಿನದು. ಗ್ಲಾಕೋಮಾ ರಕ್ತಸಂಬಂಧದಲ್ಲಿ ಹರಿಯುವ ಕಾಯಿಲೆ, ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಇದು ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ನಿಮ್ಮ ಮನೆಯಲ್ಲಿ ಒಬ್ಬರಿಗೆ ಇದೆ ಎಂದಾದರೆ ಮುಂದಿನ ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ನಲವತ್ತು ದಾಟಿದ ಅಣ್ಣ, ತಮ್ಮ, ಅಕ್ಕ, ತಂಗಿಯರನ್ನು ಹತ್ತಿರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ರೆಶರ್ ಜೊತೆ ಕಾರ್ನಿಯಾದ ದಪ್ಪವನ್ನೂ ದೃಷ್ಟಿ ನರವನ್ನೂ ನೋಡಿ ಎಂದು ಕೇಳಿ ಮಾಡಿಸಿ.